ಕಂಬದ ಮೇಲಿನ ದನಿ

"ಗುರುಗಳೇ, ಊರು ಕಾಯಲು ಈಗ ಕಂಬಕಂಬಕ್ಕೂ ಕ್ಯಾಮೆರಾ ಬಂದಿದೆ. ಇನ್ನು ಕಾವಲಿಗೆ ಮನುಷ್ಯ ಏಕೆ ಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಂದು ಪೇಟೆಬೀದಿ. ಪುರಸಭೆಯವರು ಅಲ್ಲಿಯ ಕಂಬಗಳಿಗೆ ಕ್ಯಾಮೆರಾ ಹಾಕಿಸಿ, ಜೊತೆಗೊಂದು ಮೈಕನ್ನೂ ಕಟ್ಟಿಸಿದರು. ಕಚೇರಿಯಲ್ಲಿ ಪರದೆಯ ಮುಂದೆ ಒಬ್ಬ ಕಾವಲುಗಾರನನ್ನು ಕೂರಿಸಿದರು. ಅಪಾಯ ಕಂಡರೆ ಅಲ್ಲಿಂದಲೇ ಕೂಗಿ ಎಚ್ಚರಿಸುವುದು ಅವನ ಕೆಲಸ. ಅವನಿಗೋ ಹಿಗ್ಗೇ ಹಿಗ್ಗು.

ಆದರೆ "ನೀಲಿ ಅಂಗಿಯವರೇ, ಗಾಡಿ ಸರಿಸಿ" ಎಂದರೆ ನಾಲ್ವರು ನೀಲಿ ಅಂಗಿಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಗಾಡಿ ಇದ್ದಲ್ಲೇ ಇರುತ್ತಿತ್ತು. "ಎಲ್ಲರೂ ಪಕ್ಕಕ್ಕೆ ಬನ್ನಿ" ಎಂದರಂತೂ ಒಬ್ಬರೂ ತಲೆ ಎತ್ತುತ್ತಿರಲಿಲ್ಲ. ನಿಜವಾಗಿ ಏನಾದರೂ ಬಂದರೆ ಇವರ ಗತಿಯೇನು ಎಂದು ಅವನಿಗೆ ಅನ್ನ ಸೇರದಾಯಿತು. ಇನ್ನೂ ದೊಡ್ಡ ಮೈಕು ಕೊಡಿ ಎಂದು ಅಧಿಕಾರಿಯಮ್ಮನನ್ನು ಕೇಳಿದ. ಆಕೆ, "ಮೊದಲು ಹೋಗಿ ಒಂದು ಸೇರು ಕಡಲೆಪುರಿ ತಗೊಂಡು ಬಾರಪ್ಪ" ಎಂದರು.

ಪೇಟೆಗೆ ಹೋದ. ಪುರಿ ಮಾರುವ ಚೆಲುವಮ್ಮ ಅವನು ಬಾಯಿ ತೆರೆದದ್ದೇ ದನಿ ಗುರುತು ಹಿಡಿದಳು.

"ಓಹೋ, ಕಂಬದ ಮೇಲಿಂದ ಅರಚೋನು ನೀನೇನಾ? ನನ್ನ ಹಸಿರು ಸೀರೆ ಹಸಿರು ಸೀರೆ ಅಂತೀಯಲ್ಲ, ನಾಳೆ ಕೆಂಪು ಉಟ್ಟರೆ ಏನು ಮಾಡ್ತೀಯೋ?"

"ಹೆಸರು ಗೊತ್ತಿಲ್ಲವಲ್ಲ ಅಕ್ಕಾ."

"ಅಷ್ಟು ದೊಡ್ಡ ಬಾಯಿ ಇಟ್ಟುಕೊಂಡು ಒಂದು ಮಾತು ಕೇಳೋಕಾಗಲ್ವಾ?"

ಅಂದಿನಿಂದ ದಿನವೂ ಊಟದ ಹೊತ್ತಿಗೆ ಅವನು ಪೇಟೆಯಲ್ಲೇ. ಯಾರ ಹೆಸರೇನು, ಯಾರ ಕಿವಿ ಮಂದ, ಯಾರಿಗೆ ಮಂಡಿನೋವು, ಯಾರ ಕೂಸು ಗಾಡಿಯ ಕೆಳಗೆ ಮಲಗುತ್ತದೆ, ಎಲ್ಲ ತಿಳಿಯಿತು.

ಒಂದು ಬೆಳಿಗ್ಗೆ ಪರದೆಯಲ್ಲಿ ಎರಡು ಗೂಳಿಗಳು ಕಂಡವು. ಗುದ್ದಾಡುತ್ತಾ ಪೇಟೆಬೀದಿಗೇ ತಿರುಗುತ್ತಿದ್ದವು. ತಿರುವಿನ ಈಚೆ ಕೂತವರಿಗೆ ಕಾಣುವಂತಿರಲಿಲ್ಲ.

"ಚೆಲುವಕ್ಕಾ, ಗೂಳಿ ಬಂತು, ಜಗಲಿ ಹತ್ತು! ಮಾದಣ್ಣ, ಅಕ್ಕನ ಕೈ ಹಿಡಿ! ರಜಿಯಾ, ಗಾಡಿ ಹಾಳಾಗಿ ಹೋಗಲಿ, ಕೂಸನ್ನ ಎತ್ಕೋ!"

ಹೆಸರು ಕೇಳಿದವರೆಲ್ಲ ದಡಬಡನೆ ಎದ್ದರು, ಪಕ್ಕದವರನ್ನೂ ಎಳೆದುಕೊಂಡರು. ಗೂಳಿಗಳು ನುಗ್ಗಿದಾಗ ಬೀದಿಯಲ್ಲಿ ಬುಟ್ಟಿಗಳಷ್ಟೇ ಉಳಿದಿದ್ದವು. ಪುರಿಯ ಚೀಲ ಒಡೆದು ಬೀದಿಯೆಲ್ಲ ಬೆಳ್ಳಗಾಯಿತು. ಗೂಳಿಗಳು ಜಗಳ ಮರೆತು, ಅಕ್ಕಪಕ್ಕ ನಿಂತು ಪುರಿ ಮೆಲ್ಲತೊಡಗಿದವು. ಜಗಲಿಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಚೆಲುವಮ್ಮ ಕಂಬದ ಕಡೆ ತಿರುಗಿ, "ಬೇಗ ಬಾರೋ, ಗೂಳಿ ಬಿಟ್ಟದ್ದೆಲ್ಲ ನಿಂಗೇ!" ಎಂದು ಕೂಗಿದಳು.

ಶಿಷ್ಯನೂ ನಕ್ಕ. ಆಮೇಲೆ ಯೋಚಿಸಿ, "ಹಾಗಾದರೆ ಆ ಹೆಸರುಗಳನ್ನೆಲ್ಲ ಯಂತ್ರಕ್ಕೇ ತುಂಬಿಸಿಬಿಟ್ಟರೆ ಅದೇ ಕೂಗುತ್ತದಲ್ಲ?" ಎಂದ.

ಗುರುಗಳು ಹೇಳಿದರು: "ಕೂಗುತ್ತದಪ್ಪ; ಚೆಲುವಕ್ಕಾ ಎನ್ನುವಾಗ ಅದರ ದನಿ ನಡುಗುತ್ತದೆಯೇ?"