ಸೋಮಿಯ ಹೊಟ್ಟೆಯಲ್ಲಿದ್ದ ಕೂಸು

ಬಂಡೆಗುಡ್ಡದ ಮುಸುವ ಕೋತಿಗಳ ಹಿಂಡನ್ನು ಗೆದ್ದ ದಿನ ಗಡವನೆಂಬ ಗಂಡು ಹಳೆಯ ಯಜಮಾನನನ್ನು ಓಡಿಸಿ, ಅವನ ಎಳೆಯ ಕೂಸುಗಳನ್ನೆಲ್ಲ ಕಚ್ಚಿ ಕೊಂದಿದ್ದ. ಹಿಂಡಿನಲ್ಲಿ ಆಮೇಲೆ ಹುಟ್ಟಿದ್ದು ಸೋಮಿಯೆಂಬ ಹೆಣ್ಣಿನ ಮಗನೊಬ್ಬನೇ. ಅವನನ್ನು ತನ್ನವನೆಂದು ಗಡವ ಪ್ರಾಣದಂತೆ ಕಾಪಾಡಿದ. ಅವನಿಗಾಗಿ ಚಿರತೆಗೂ ಎದುರು ನಿಂತ.

ಕೊನೆಗೆ, ಆ ಮಗ ಎಳೆತನ ದಾಟಿ ಬೆಳೆದ ಮೇಲೆ, ಹೊಸಬನೊಬ್ಬ ಬಂದು ಗಡವನನ್ನೂ ಸೋಲಿಸಿದ. ರಕ್ತ ಸುರಿಸುತ್ತಲೇ ಗಡವ ಸೋಮಿಯ ಬಳಿ ಹೋದ.

“ನನ್ನ ಮಗನನ್ನು ನನ್ನ ಜೊತೆ ಕಳಿಸು” ಎಂದ.

“ಅವನು ನಿನ್ನ ಮಗನಲ್ಲ” ಎಂದಳು ಸೋಮಿ. “ನೀನು ಬಂದಾಗಲೇ ಅವನು ನನ್ನ ಹೊಟ್ಟೆಯಲ್ಲಿದ್ದ. ನಿನ್ನ ಹಲ್ಲಿಗೆ ಹೆದರಿ, ಅದನ್ನು ಮುಚ್ಚಿಟ್ಟು ನಿನ್ನನ್ನು ಕೂಡಿದೆ.”

ಗಡವ ಕೇಳಿದ, “ಹಾಗಾದರೆ ನನ್ನದೆಂಬುದು ಒಂದೂ ಇಲ್ಲವೇ?”

“ಇದೆ. ಈಗ ನನ್ನ ಹೊಟ್ಟೆಯಲ್ಲಿರುವುದು ನಿನ್ನದೇ. ಅದು ಬದುಕಬೇಕಾದರೆ ತನ್ನದೆಂದು ಆ ಹೊಸಬ ನಂಬಬೇಕು. ದಾರಿ ಬಿಡು.”

ಸೋಮಿ ಮರ ಹತ್ತಿ, ಹೊಸ ಯಜಮಾನನ ಪಕ್ಕ ಕುಳಿತು, ಅವನ ಬೆನ್ನಿನ ಹೇನು ಹೆಕ್ಕತೊಡಗಿದಳು. ಅದು ನನ್ನ ಕೂಸು ಎಂದು ಕೂಗಬೇಕೆನಿಸಿತು ಗಡವನಿಗೆ. ಕೂಗಿದರೆ ಮೇಲಿದ್ದವನಿಗೆ ಕೇಳುತ್ತಿತ್ತು. ಗಡವ ಬಾಯಿ ಮುಚ್ಚಿಕೊಂಡು ಬಂಡೆ ಇಳಿದು ಹೋದ.