ಮೇಲಿನ ಕೆರೆಯ ಮೀನು

"ಮೊದಲ ಗಂಟಿನಲ್ಲಿ ರೋಗವಿಲ್ಲ ಎಂದಾದರೆ ಉಳಿದವುಗಳನ್ನು ಬಿಟ್ಟುಬಿಡಬಹುದೇ, ಸರ್?"

ಕೇಳಿದವಳು ಸ್ಫೂರ್ತಿ, ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ವೈದ್ಯೆ. ಕೇಳಿದ್ದು ತನ್ನ ಗುರು ಗುರುಬಸಪ್ಪನವರನ್ನು. ಮರುದಿನ ಹಾಲಮ್ಮ ಎಂಬ ಹೆಂಗಸಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಿತ್ತು. ರೋಗ ಕಂಕುಳಿನ ಗಂಟುಗಳಿಗೂ, ಅಂದರೆ ಅಲ್ಲಿನ ದುಗ್ಧಗ್ರಂಥಿಗಳಿಗೂ, ಹೋಗಿತ್ತು. ಕೀಮೋ ಕೊಟ್ಟ ಮೇಲೆ ಸ್ಕ್ಯಾನಿನಲ್ಲಿ ಏನೂ ಕಾಣುತ್ತಿರಲಿಲ್ಲ. ಸ್ತನದಿಂದ ಹೊರಟ ದ್ರವ ಮೊದಲು ಸೇರುವ ಗಂಟನ್ನು ಬಣ್ಣ ಬಿಟ್ಟು ಹುಡುಕಿ, ಅದೊಂದನ್ನೇ ತೆಗೆದು ಪರೀಕ್ಷಿಸಿದರೆ ಸಾಕೆಂಬುದು ಸ್ಫೂರ್ತಿಯ ಲೆಕ್ಕ. ಎಲ್ಲವನ್ನೂ ತೆಗೆದರೆ ಕೈ ಊದಿಕೊಳ್ಳಬಹುದು. ಹಾಲಮ್ಮನೋ, ಖಾನಾವಳಿಯಲ್ಲಿ ರೊಟ್ಟಿ ಬಡಿದು ಬದುಕುವವಳು. ಕೈಯೊಂದನ್ನು ಉಳಿಸಿಕೊಡಿ ಎಂದು ಬೇಡಿಕೊಂಡಿದ್ದಳು.

ಗುರುಗಳಿಗೆ ನೇರವಾಗಿ ಉತ್ತರ ಕೊಟ್ಟು ಅಭ್ಯಾಸವಿಲ್ಲ. ಕತೆಯನ್ನೇ ಹೇಳಿದರು.

ಒಂದು ಗುಡ್ಡದ ಮೇಲೆ ಒಬ್ಬ ವ್ಯಾಪಾರಿ ನೂಲಿಗೆ ಬಣ್ಣ ಹಾಕಿಸುತ್ತಿದ್ದ. ಅವನ ಗುಂಡಿಗಳ ವಿಷ ಹಳ್ಳ ಹಿಡಿದು ಮೇಲಿನ ಕೆರೆಗೆ ಇಳಿಯಿತು. ಅಲ್ಲಿಂದ ಕೋಡಿ ಹರಿದು ಕೆಳಗಿನ ಕೆರೆಗೂ ಹೋಯಿತು. ದನಗಳು ಸತ್ತವು. ಊರ ಗೌಡ ಸುಮ್ಮನೆ ಕೂರುವ ಆಸಾಮಿಯಲ್ಲ. ವ್ಯಾಪಾರಿಯನ್ನು ಓಡಿಸಿದ. ಗುಂಡಿಗಳಿಗೂ ಹಳ್ಳಕ್ಕೂ ಗಾಡಿಗಟ್ಟಲೆ ಸುಣ್ಣ ಸುರಿಸಿದ. ಒಂದು ಮಳೆಗಾಲ ಕಾದ. ಆಮೇಲೆ ಮೇಲಿನ ಕೆರೆಗೆ ಒಂದು ಬುಟ್ಟಿ ಮೀನು ಬಿಡಿಸಿದ. ಮೀನು ಸಾಯಲಿಲ್ಲ. ಎಲ್ಲರೆದುರು ಆ ನೀರನ್ನು ಬೊಗಸೆಯಲ್ಲಿ ತಾನೇ ಕುಡಿದು ತೋರಿಸಿದ. ಅವನಿಗೂ ಏನೂ ಆಗಲಿಲ್ಲ.

ಕೆಳಗಿನ ಕೆರೆಯ ದಂಡೆಯಲ್ಲಿ ಒಬ್ಬ ರೈತನಿದ್ದ. ತನ್ನ ಕೆರೆಗೂ ಒಂದಿಷ್ಟು ಮೀನು ಬಿಟ್ಟು ನೋಡಬಾರದೇ ಎಂದು ಕೇಳಿದ. ಗೌಡ ನಕ್ಕ.

"ಎಲೋ, ನೀರು ಮೊದಲು ಬರುವುದು ಮೇಲಿನ ಕೆರೆಗೆ ತಾನೇ? ಅಲ್ಲಿಲ್ಲದ ವಿಷ ನಿನ್ನ ಕೆರೆಗೇನು ಆಕಾಶದಿಂದ ಉದುರುತ್ತದೆಯೇ?"

ಮಾತು ರೈತನಿಗೂ ಸರಿಯೆನಿಸಿತು. ಅವನ ಮಗಳು ಕೆಳಗಿನ ಕೆರೆಯಲ್ಲಿ ಕೊಡ ತುಂಬಿಕೊಂಡಳು.

ಸುರಿದ ಸುಣ್ಣವೇ ಹಳ್ಳದಲ್ಲಿ ಗಟ್ಟಿಯಾಗಿ ದಾರಿ ಮುಚ್ಚಿತ್ತು. ಗುಂಡಿಯ ತಳದಲ್ಲಿ ಇನ್ನೂ ವಿಷ ಉಳಿದಿತ್ತು. ಅದು ಗುಡ್ಡದ ಹಿಂಬದಿಯನ್ನು ಕೊರೆದುಕೊಂಡು ನೇರವಾಗಿ ಕೆಳಗಿನ ಕೆರೆಗೆ ಇಳಿಯುತ್ತಿತ್ತು. ರೈತ ಮಗಳನ್ನು ಮಣ್ಣು ಮಾಡಿದ. ಮೇಲಿನ ಕೆರೆಯ ಮೀನುಗಳು ಆಗಲೂ ಚೆನ್ನಾಗಿಯೇ ಇದ್ದವು.

ಗುರುಗಳು ನಿಲ್ಲಿಸಿದರು. ಕೀಮೋ ಕೂಡ ದಾರಿ ಮುಚ್ಚುತ್ತದೆಯೇ ಎಂದು ಸ್ಫೂರ್ತಿ ಕೇಳಿದಳು. ಕೆಲವರಲ್ಲಿ ಮುಚ್ಚುತ್ತದೆ ಎಂದರು. ಹಾಗಾದರೆ ಎಲ್ಲ ಗಂಟುಗಳನ್ನೂ ತೆಗೆಯಬೇಕೇ ಎಂದಳು. ಹಾಗೇನಿಲ್ಲ, ಬಣ್ಣದ ಜೊತೆ ಇನ್ನೊಂದು ಬಗೆಯ ಗುರುತುದ್ರವವನ್ನೂ ಬಿಟ್ಟು ಹುಡುಕು ಎಂದರು. ಕಡಿಮೆಯೆಂದರೂ ಮೂರು ಗಂಟು ಸಿಗಬೇಕು. ಮೊದಲು ರೋಗ ಕಂಡ ಗಂಟಿಗೆ ಕೀಮೋಗೆ ಮುಂಚೆ ಗುರುತಿಗೆಂದು ಲೋಹದ ಕ್ಲಿಪ್ ಹಾಕಿದ್ದರೆ ಅದೂ ಕೈಗೆ ಬರಬೇಕು. ಯಾವುದರಲ್ಲೂ ರೋಗವಿಲ್ಲದಿದ್ದರೆ ಉಳಿದವನ್ನು ಮುಟ್ಟಬೇಕಾಗಿಲ್ಲ.

"ಕ್ಲಿಪ್ ಹಾಕಿಲ್ಲ, ಸರ್. ನಾಳೆ ಒಂದೇ ಗಂಟು ಸಿಕ್ಕಿ, ಅದರಲ್ಲಿ ರೋಗ ಕಾಣದಿದ್ದರೆ? ಕೈ ಉಳಿಸುತ್ತೇನೆಂದು ಅವಳಿಗೆ ಮಾತು ಕೊಟ್ಟುಬಿಟ್ಟಿದ್ದೇನೆ."

ಗುರುಗಳು ಎದ್ದು ನಿಂತು ಹೇಳಿದರು:

"ಮಾತು ಕೊಟ್ಟ ನೀನು ನಿಂತಿರುವುದು ಮೇಲಿನ ಕೆರೆಯ ದಂಡೆಯಲ್ಲಿ, ತಂಗಿ, ಹಾಲಮ್ಮ ಕೊಡ ತುಂಬಿಕೊಳ್ಳುವುದು ಕೆಳಗಿನ ಕೆರೆಯಲ್ಲಿ."