ಹುಲ್ಲುಹಕ್ಕಿ ಕೆರೆ

ಬಯಲುಸೀಮೆಯ ಎರೆಹೊಲಗಳ ನಡುವೆ, ಜಾಲಿಮರಗಳ ಸಾಲು ಮುಗಿಯುವಲ್ಲಿ ಹುಲ್ಲುಹಕ್ಕಿ ಕೆರೆಯ ಏರಿ ಕಾಣುತ್ತದೆ. ಕಲ್ಲಿನ ತೂಬು ಒಂದು ಬದಿಗೆ ವಾಲಿದೆ. ದಡದುದ್ದಕ್ಕೂ ಆಳೆತ್ತರದ ಜೊಂಡು ಬೆಳೆದಿದೆ. ಹೊಸದಾಗಿ ಬಂದವರು ಹುಲ್ಲುಹಕ್ಕಿ ಎಂಬುದೊಂದು ಹಕ್ಕಿಯ ಜಾತಿಯೇ ಇರಬೇಕೆಂದು ಹುಡುಕಾಡುತ್ತಾರೆ. ಅಂಥ ಜಾತಿಯಿಲ್ಲ. ಕೆರೆಗೆ ಈ ಹೆಸರು ತಂದವಳು ಜೊಂಡಿನ ಚಾಪೆ ಹೆಣೆಯುತ್ತಿದ್ದ ಬಾಳವ್ವ ಎನ್ನುತ್ತಾರೆ ಊರಿನ ಹಿರಿಯರು.

ಹಿಂದೆ ಒಮ್ಮೆ, ಈ ಸೀಮೆಯನ್ನು ನಾಯಕನೊಬ್ಬ ಆಳುತ್ತಿದ್ದ ಕಾಲದಲ್ಲಿ, ಚಳಿ ಬಿದ್ದೊಡನೆ ಹಿಮದ ನಾಡಿನಿಂದ ಪಟ್ಟೆತಲೆಯ ಬಾತುಗಳು ಹಿಂಡುಹಿಂಡಾಗಿ ಬಂದು ಇಲ್ಲಿ ಇಳಿಯುತ್ತಿದ್ದವಂತೆ. ಬಾಳವ್ವನಿಗೆ ಅವು ತವರಿನವರಿದ್ದಂತೆ. ಒಂದು ವರ್ಷ ಮಗಳ ಮದುವೆಯ ಔತಣಕ್ಕೆಂದು ನಾಯಕ ಕೆರೆಗೆ ಅಡ್ಡಲಾಗಿ ಬಲೆ ಕಟ್ಟಿಸಿದ. ಬಲೆಯ ತುದಿ ಹಿಡಿಯಲು ಊರವರನ್ನೆಲ್ಲ ಎಳೆದೊಯ್ದರು; ಬಾಳವ್ವನ ಗಂಡ ಕೆಂಚಪ್ಪನೂ ಹಿಡಿಯಬೇಕಾಯಿತು. ಅಳಿದುಳಿದ ಬಾತುಗಳು ಕಿರುಚುತ್ತ ಹಾರಿಹೋದವು. ಮರುವರ್ಷದಿಂದ ಹಿಂಡು ಬರುತ್ತಿತ್ತು, ಕೆರೆಯ ಮೇಲೆ ಒಂದು ಸುತ್ತು ಹಾಕುತ್ತಿತ್ತು, ಇಳಿಯದೆ ಹೋಗುತ್ತಿತ್ತು.

ಆ ಸುತ್ತನ್ನು ಬಾಳವ್ವನಿಂದ ನೋಡಲಾಗಲಿಲ್ಲ. ಚಾಪೆಗೆ ಒಣಗಿಸಿದ ಜೊಂಡನ್ನೇ ಬಿಗಿದು ಬಾತಿನ ಮೈ ಮಾಡಿದಳು. ಹುಣಸೆಯ ಬಾಗಿದ ಟೊಂಗೆ ಕತ್ತಾಯಿತು. ಹುಣಸೆಬೀಜದ ಅಂಟಿಗೆ ಬೂದಿ ಕಲಸಿ ಮೈಗೆ ಸವರಿದಳು. ಕಪ್ಪೆಚಿಪ್ಪು ಸುಟ್ಟ ಸುಣ್ಣದಿಂದ ತಲೆ ಬೆಳ್ಳಗಾಯಿತು, ದೀಪದ ಕಾಡಿಗೆಯಿಂದ ಅದರ ಮೇಲೆ ಪಟ್ಟೆ ಮೂಡಿತು. ಕೊಕ್ಕಿಗೆ ಮುತ್ತುಗದ ಹೂವಿನ ಬಣ್ಣ.

ಕೆಂಚಪ್ಪ ನಕ್ಕ. "ಜೀವದ ಹಕ್ಕಿ ಹುಲ್ಲಿನ ಹಕ್ಕಿಗೆ ಮರುಳಾಗತಾವೇನ?"

"ಮರುಳು ಮಾಡಾಕಲ್ಲ," ಎಂದಳು ಆಕೆ. "ಇಲ್ಲಿ ಅಂಜಿಕಿ ಇಲ್ಲ, ಇಳೀರಿ ಅಂತ ಯಾರಾರ ಹೇಳಬೇಕಲ್ಲ."

ಕೆಂಚಪ್ಪನ ನಗು ನಿಂತಿತು. ಮರುದಿನದಿಂದ ಅವನೂ ಜೊಂಡು ಕೊಯ್ದು ತಂದುಕೊಟ್ಟ. ಚಳಿ ಹತ್ತುವ ಹೊತ್ತಿಗೆ ಒಂದು ಹಿಂಡೇ ಸಿದ್ಧವಾಗಿತ್ತು: ಒಂದು ಮೇಯುತ್ತಿತ್ತು, ಒಂದು ರೆಕ್ಕೆ ಕೆದರುತ್ತಿತ್ತು, ಒಂದು ಕತ್ತು ಮುದುರಿ ಮಲಗಿತ್ತು. ಗಂಡಹೆಂಡತಿ ಎದೆಮಟ್ಟದ ನೀರಿಗಿಳಿದು ಅವನ್ನೆಲ್ಲ ತೇಲಿಬಿಟ್ಟರು. ಬಾನಿನಲ್ಲಿ ಹಿಂಡು ಬಂತು. ಒಂದು ಸುತ್ತು ಹಾಕಿತು. ಎರಡನೆಯ ಸುತ್ತಿಗೆ ತಗ್ಗಿತು. ಆಮೇಲೆ ಆಕಾಶವೇ ಕಳಚಿ ಬಿದ್ದಂತೆ ಅಷ್ಟೂ ಬಾತುಗಳು ಒಮ್ಮೆಲೇ ನೀರಿಗಿಳಿದವು. ಬಾಳವ್ವ ಏರಿಯ ಮೇಲೆ ಕೈಮುಗಿದು ನಿಂತೇ ಇದ್ದಳು.

ಸುದ್ದಿ ನಾಯಕನಿಗೂ ಮುಟ್ಟಿತು. ಬಿಲ್ಲುಗಾರರೊಂದಿಗೆ ಅವನು ಬರುತ್ತಿದ್ದಾನೆಂದು ತಿಳಿದೊಡನೆ ಬಾಳವ್ವ ಕೈಯಲ್ಲಿದ್ದ ಜೊಂಡು ಬಿಟ್ಟೆದ್ದಳು. 'ಅಂಜಿಕೆಯಿಲ್ಲವೆಂದು ಕರೆದವಳು ನಾನು. ಕರೆದು ಕೊಲ್ಲಿಸಿದಂತಾಯಿತಲ್ಲ' ಎಂದು ಓಡಿದಳು. ಆಕೆ ಏರಿ ಹತ್ತುವಷ್ಟರಲ್ಲಿ ನಾಯಕನ ಬಾಣ ಹಾರಿತ್ತು.

ಹಿಂಡು ಭೋರೆಂದು ಎದ್ದಿತು. ಬಾಣ ನೆಟ್ಟ ಹಕ್ಕಿ ಮಾತ್ರ ಅಲ್ಲೇ ಉಳಿಯಿತು, ಒದ್ದಾಡಲಿಲ್ಲ, ಕೂಗಲಿಲ್ಲ. ಎದ್ದ ಹಿಂಡಿನಿಂದ ಗಂಡು ಬಾತೊಂದು ತಿರುಗಿ ಬಂದು ಅದರ ಪಕ್ಕದಲ್ಲಿ ಇಳಿಯಿತು. ಅದರ ಕತ್ತಿಗೆ ಕತ್ತು ತೀಡಿ ಕರೆಯಿತು. ನಾಯಕ ನೀರಿಗಿಳಿದು ಹತ್ತಿರ ಬಂದರೂ ಕದಲದೆ, ರೆಕ್ಕೆ ಅಗಲಿಸಿ ಅಡ್ಡ ನಿಂತಿತು. ನಾಯಕ ಕೈಚಾಚಿ ಬಾಣವನ್ನು ಕಿತ್ತ. ಅದರ ಮೊನೆಗೆ ನೆತ್ತರಿರಲಿಲ್ಲ. ಜೊಂಡಿನ ಎಸಳು ಅಂಟಿತ್ತು.

"ಯಾರು ಮಾಡಿದ್ದು?" ಅವನ ದನಿ ಬಹಳ ಸಣ್ಣದಾಗಿತ್ತು.

"ನಾನ್ರೀ ಒಡೆಯಾ," ಎಂದಳು ಬಾಳವ್ವ. "ನಾ ಹುಲ್ಲು ಕಟ್ಟಿದೆ, ಬಣ್ಣ ಬಳದೆ. ಅದಕ್ಕ ಜೀವ ಕೊಟ್ಟಿದ್ದು ನಾನಲ್ರಿ. ಅಕಾ ನೋಡ್ರಿ, ಆ ಗಂಡು ಬಾತು."

ನಾಯಕ ಆ ಬಾತಿನತ್ತ ತಿರುಗಿ ನೋಡಿದ. ಬಳಿಕ ತನ್ನ ಬಿಲ್ಲನ್ನು ನೀರಿಗೆ ಬಿಟ್ಟು, ಬರಿಗೈಯಲ್ಲಿ ದಡ ಹತ್ತಿದ. ಅಂದಿನಿಂದ ಈ ಕೆರೆಯಲ್ಲಿ ಬಲೆ ಬಿದ್ದಿಲ್ಲ, ಬಾಣ ಹಾರಿಲ್ಲ ಎನ್ನುತ್ತಾರೆ.

ಈಗಲೂ ಚಳಿ ಮೊದಲಾದೊಡನೆ ಚಾಪೆ ಹೆಣೆಯುವ ಮನೆಗಳ ಹೆಂಗಸರು ಜೊಂಡಿನ ಬಾತುಗಳನ್ನು ಮಾಡಿ ಕೆರೆಗೆ ಬಿಡುತ್ತಾರೆ. ಏರಿಯ ಮೇಲೆ ನಿಂತವರಿಗೆ ಯಾವುದು ಹುಲ್ಲಿನದು, ಯಾವುದು ಜೀವದ್ದು ಎಂದು ಗೊತ್ತಾಗುವುದಿಲ್ಲ. ಬಿಸಿಲೇರಿ ಹಿಂಡು ಹೊಲಗಳತ್ತ ಹಾರಿದಾಗ ಕೆಲವು ಹಕ್ಕಿಗಳು ನೀರಿನ ಮೇಲೆ ಹಾಗೆಯೇ ಉಳಿಯುತ್ತವೆ. ಆಗಲೂ ನೋಡುವವರು, ಅವೂ ಈಗ ಎದ್ದಾವು ಎಂದು ಕಾಯುತ್ತಲೇ ಇರುತ್ತಾರೆ.